ಇನ್ನೊಬ್ಬರ ಕಿಡ್ನಿ, ತನ್ನ ಆಟ



ಇವತ್ತು ರಾಜಕೀಯ ಬೇಡ. ಬೆಳಗ್ಗೆಯಿಂದ ಅದನ್ನೇ ನೋಡಿ ನಿಮಗೂ ಸಾಕಾಗಿರುತ್ತೆ, ಮಾತಾಡಿ ಮಾತಾಡಿ ನನಗೂ ಸಾಕಾಗಿದೆ. ಯಾರು ಯಾರ ಮನೆಗೆ ಊಟಕ್ಕೆ ಹೋದರು, ಯಾರು ದೆಹಲಿ ವಿಮಾನ ಹತ್ತಿದರು ಅನ್ನೋದೆಲ್ಲ ನಾಳೆಗೂ ಇರುತ್ತೆ, ನಾಡಿದ್ದಿಗೂ ಇರುತ್ತೆ. ಇವತ್ತು ಮಾರ್ಚ್ ತಿಂಗಳ ಎರಡನೇ ಗುರುವಾರ. ಪ್ರತಿವರ್ಷ ಈ ದಿನ ವಿಶ್ವ ಕಿಡ್ನಿ ದಿನ.

ಕಿಡ್ನಿ ದಿನ ಅಂದ ತಕ್ಷಣ ಏನಾಗುತ್ತೆ ಗೊತ್ತಲ್ಲ? ನೀರು ಚೆನ್ನಾಗಿ ಕುಡಿಯಿರಿ, ಉಪ್ಪು ಕಡಿಮೆ ಮಾಡಿ, ಬಿಪಿ ನೋಡಿಸಿಕೊಳ್ಳಿ. ಎಲ್ಲ ನಿಜ. ಆದರೆ ಕೇಳಿದವರು ಎಷ್ಟು ಜನ, ಕೇಳಿ ಮಾಡಿದವರು ಎಷ್ಟು ಜನ? ಅದಕ್ಕೇ ನಾನು ಇವತ್ತು ಒಬ್ಬ ಆಟಗಾರನ ಕಥೆ ಹೇಳ್ತೀನಿ. ಕ್ರಿಕೆಟಿಗ ಅಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ. ಐಪಿಎಲ್ ಹೊತ್ತಲ್ಲಿ ಇದೇನಪ್ಪ ಬ್ಯಾಸ್ಕೆಟ್‌ಬಾಲ್ ಅಂತ ರಿಮೋಟ್ ಹುಡುಕಬೇಡಿ. ಹದಿನೈದು ನಿಮಿಷ ಕೊಡಿ ಸಾಕು.

ಹೆಸರು ಅಲೊಂಜೊ ಮೌರ್ನಿಂಗ್. ಮೌರ್ನಿಂಗ್ ಅಂದರೆ ಇಂಗ್ಲಿಷಿನಲ್ಲಿ ಶೋಕ. ಅಂಥ ಮನೆತನದ ಹೆಸರು ಇಟ್ಟುಕೊಂಡು ಹುಟ್ಟಿದ ಮನುಷ್ಯ. ಅಭಿಮಾನಿಗಳಿಗೆ ಮಾತ್ರ ಚಿಕ್ಕದಾಗಿ ‘ಜೋ’. 6 ಅಡಿ 10 ಇಂಚು ಎತ್ತರ. ನಮ್ಮ ಮನೆಗಳ ಬಾಗಿಲಲ್ಲಿ ನೆಟ್ಟಗೆ ನಿಂತು ಒಳಗೆ ಬರೋದಕ್ಕೆ ಆಗದಂಥ ಆಳು. ತೋಳು ನೋಡಿದರೆ ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನನ ತೋಳು.

1970ರ ಫೆಬ್ರವರಿ 8ರಂದು ವರ್ಜೀನಿಯಾ ರಾಜ್ಯದ ಚೆಸಪೀಕ್ ಊರಲ್ಲಿ ಹುಟ್ಟಿದ್ದು. ಹನ್ನೆರಡು ಹದಿಮೂರರ ವಯಸ್ಸಿಗೆ ಅಪ್ಪ ಅಮ್ಮ ಬೇರೆಯಾದರು. ಅಪ್ಪನ ಜೊತೆ ಇರ್ತೀಯಾ, ಅಮ್ಮನ ಜೊತೆ ಇರ್ತೀಯಾ ಅನ್ನೋ ಪ್ರಶ್ನೆ ಬಂತು. ಹುಡುಗ ಎರಡೂ ಬೇಡ ಅಂದ! ಯೋಚನೆ ಮಾಡಿ, ಆ ವಯಸ್ಸಿನ ಮಗು. ಅಮೆರಿಕದಲ್ಲಿ ಫಾಸ್ಟರ್ ಕೇರ್ ಅಂತ ಒಂದು ವ್ಯವಸ್ಥೆ ಇದೆ, ಮನೆಯಿಲ್ಲದ ಮಕ್ಕಳನ್ನು ಬೇರೆ ಕುಟುಂಬಗಳು ಸಾಕುವ ವ್ಯವಸ್ಥೆ. ಹಾಗೆ ಒಬ್ಬ ನಿವೃತ್ತ ಶಾಲಾ ಶಿಕ್ಷಕಿಯ ಮನೆ ಸೇರಿದ. ಆ ತಾಯಿ ಸಾಕಿದ್ದು ಇವನೊಬ್ಬನನ್ನೇ ಅಲ್ಲ, ಹಲವಾರು ಮಕ್ಕಳನ್ನು. ಹೆತ್ತವರ ಮನೆಯಲ್ಲಿ ಸಿಗದ ನೆಮ್ಮದಿ ಅಲ್ಲಿ ಸಿಕ್ಕಿತು. ರಕ್ತಸಂಬಂಧ ಇಲ್ಲದವರು ಬೆಳೆಸಿದ ಹುಡುಗನನ್ನು ಮುಂದೆ ರಕ್ತಸಂಬಂಧವೇ ಉಳಿಸಿತು. ಅದಕ್ಕೆ ಆಮೇಲೆ ಬರ್ತೀನಿ.

ಎತ್ತರ ಇತ್ತು, ಸಿಟ್ಟೂ ಇತ್ತು. ಎರಡನ್ನೂ ತಂದು ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಹಾಕಿದ. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಜಾನ್ ಥಾಮ್ಸನ್ ಅನ್ನೋ ಕೋಚ್. ಈ ಥಾಮ್ಸನ್ ಕೈಕೆಳಗೆ ಪಳಗಿದವರ ಪಟ್ಟಿ ನೋಡಿ: ಮೊದಲು ಪ್ಯಾಟ್ರಿಕ್ ಯೂಯಿಂಗ್, ಆಮೇಲೆ ಕಾಂಗೋ ದೇಶದಿಂದ ಬಂದ ಡಿಕೆಂಬೆ ಮುಟಂಬೊ, ಅವನ ಜೊತೆಗೇ ಮೌರ್ನಿಂಗ್. ಮೂವರೂ ಸೆಂಟರ್ ಆಟಗಾರರು. ಸೆಂಟರ್ ಅಂದರೆ ಬುಟ್ಟಿಯ ಬುಡದಲ್ಲಿ ನಿಂತು ಕಾವಲು ಕಾಯುವವನು. ಎದುರಾಳಿ ಚೆಂಡು ಎಸೆದರೆ ಹಾರಿ ಕೈಯಿಂದ ತಡೆಯಬೇಕು. ಅದಕ್ಕೆ ಬ್ಲಾಕ್ ಅಂತಾರೆ. ಮೊಣಕೈ ತಿವಿತ, ಎದೆಗೆ ಎದೆ ಡಿಕ್ಕಿ, ಬೀಳೋದು, ಏಳೋದು ಎಲ್ಲ ನಡೆಯೋದು ಅಲ್ಲೇ. ಹೊಟ್ಟೆಗೆ ಹೊಡೆತ ಬೀಳೋದೂ ಅಲ್ಲೇ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

1992ರಲ್ಲಿ ಎನ್‌ಬಿಎ ಡ್ರಾಫ್ಟ್. ಮೊದಲ ಆಯ್ಕೆ ಶಕೀಲ್ ಓನೀಲ್. ಎರಡನೆಯದು ಮೌರ್ನಿಂಗ್. ಷಾರ್ಲಟ್ ಹಾರ್ನೆಟ್ಸ್ ತಂಡ ತೆಗೆದುಕೊಂಡಿತು. ಆ ತಂಡಕ್ಕೆ ಆಗ ಐದು ವರ್ಷ ಕೂಡ ಆಗಿರಲಿಲ್ಲ, ಪ್ಲೇಆಫ್ ಮುಖವೇ ನೋಡಿರಲಿಲ್ಲ. ಮೊದಲ ವರ್ಷವೇ ಈತ ಅದನ್ನು ಪ್ಲೇಆಫ್‌ಗೆ ಒಯ್ದ. ಎದುರಾಳಿ ಯಾರು? ಬಾಸ್ಟನ್ ಸೆಲ್ಟಿಕ್ಸ್! ನಾಲ್ಕನೇ ಪಂದ್ಯದಲ್ಲಿ ಗಡಿಯಾರದಲ್ಲಿ 0.4 ಸೆಕೆಂಡ್ ಉಳಿದಿದ್ದಾಗ ಮೌರ್ನಿಂಗ್ ಎಸೆದ ಚೆಂಡು ಬುಟ್ಟಿಗೆ ಬಿತ್ತು. 104-103. ಸರಣಿ ಹಾರ್ನೆಟ್ಸ್ ಪಾಲಾಯಿತು. ಕಣ್ಣು ಮಿಟುಕಿಸುವಷ್ಟು ಸಮಯ ಕೂಡ ಉಳಿದಿರಲಿಲ್ಲ ಸ್ವಾಮಿ.

1995ರಲ್ಲಿ ಮಯಾಮಿ ಹೀಟ್ ತಂಡಕ್ಕೆ ಬಂದ. ಅಲ್ಲಿ ಕೋಚ್ ಪ್ಯಾಟ್ ರೈಲಿ. ಮರುವರ್ಷ ಏಳು ವರ್ಷಕ್ಕೆ 10.5 ಕೋಟಿ ಡಾಲರಿನ ಕರಾರು. ಆ ಕಾಲಕ್ಕೆ ಕಣ್ಣು ಕುಕ್ಕುವ ಮೊತ್ತ. ದುಡ್ಡಿಗೆ ತಕ್ಕ ಆಟವನ್ನೂ ಆಡಿದ ಅನ್ನಿ. 1999ರಲ್ಲಿ, 2000ದಲ್ಲಿ, ಸತತ ಎರಡು ವರ್ಷ ಇಡೀ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ. ಸಿಟ್ಟು ಮಾತ್ರ ಹಾಗೇ ಇತ್ತು. 1998ರಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಆಡುವಾಗ ತನ್ನ ಹಳೇ ತಂಡದ ಗೆಳೆಯ ಲ್ಯಾರಿ ಜಾನ್ಸನ್ ಜೊತೆಗೇ ಕೈಕೈ ಮಿಲಾಯಿಸಿದ. ಜಗಳ ಬಿಡಿಸೋದಕ್ಕೆ ಬಂದ ನಿಕ್ಸ್ ಕೋಚ್ ಜೆಫ್ ವ್ಯಾನ್ ಗಂಡಿ ಬಡಕಲು ಮೈಯ ಕುಳ್ಳ ಮನುಷ್ಯ. ಏನೂ ತೋಚದೆ ಮೌರ್ನಿಂಗ್ ಕಾಲಿಗೆ ಜೋತುಬಿದ್ದುಬಿಟ್ಟ. ತೇರಿನ ಚಕ್ರಕ್ಕೆ ಸಿಕ್ಕಿಕೊಂಡ ಟವೆಲ್ ಥರ! ಆ ಚಿತ್ರ ಈಗಲೂ ಅಮೆರಿಕದಲ್ಲಿ ಓಡಾಡ್ತಾ ಇರುತ್ತೆ.

ಇಷ್ಟು ಗಟ್ಟಿ ಆಸಾಮಿ. 2000ನೇ ಇಸವಿ, ಸಿಡ್ನಿ ಒಲಿಂಪಿಕ್ಸ್. ಟೂರ್ನಿ ನಡುವೆಯೇ ಹೆಂಡತಿಯ ಹೆರಿಗೆಗೆ ಅಮೆರಿಕಕ್ಕೆ ಹಾರಿಹೋಗಿ, ಮಗಳ ಮುಖ ನೋಡಿ, ವಾಪಸ್ ಸಿಡ್ನಿಗೆ ಬಂದು ಚಿನ್ನದ ಪದಕ ಗೆದ್ದ. ವಯಸ್ಸು 30. ಆಟದ ಉತ್ತುಂಗ. ಆದರೆ ಮೈಯಲ್ಲಿ ಏನೋ ಸರಿ ಇಲ್ಲ. ಕಾಲು ಊದಿಕೊಳ್ಳುತ್ತೆ. ವಿಪರೀತ ಸುಸ್ತು. ಪ್ರಯಾಣದ ಆಯಾಸ ಅಂತ ಯಾರಿಗಾದರೂ ಅನ್ನಿಸೋದು ಸಹಜ. ಭೂಮಿಯ ಅರ್ಧ ಸುತ್ತು ಹಾಕಿ ಬಂದವನಿಗೆ ಆಯಾಸ ಆಗದೆ ಇನ್ನೇನು?

ಆಯಾಸ ಅಲ್ಲ. ಮಯಾಮಿಗೆ ಬಂದ ಮೇಲೆ ಸೀಸನ್ ಶುರುವಾಗುವ ಮುನ್ನ ತಪಾಸಣೆ ಮಾಡಿದರು. ಅಕ್ಟೋಬರ್‌ನಲ್ಲಿ ಗೊತ್ತಾಯಿತು, ಕಿಡ್ನಿ ಕಾಯಿಲೆ. ಅದಕ್ಕೊಂದು ಉದ್ದದ ಹೆಸರು: ಫೋಕಲ್ ಸೆಗ್ಮೆಂಟಲ್ ಗ್ಲೊಮೆರುಲೊಸ್ಕ್ಲೆರೋಸಿಸ್. ಹೇಳುವಷ್ಟರಲ್ಲೇ ನಾಲಿಗೆ ಹೊರಳಲ್ಲ. ಡಾಕ್ಟರುಗಳೇ ಎಫ್‌ಎಸ್‌ಜಿಎಸ್ ಅಂತ ಮುಗಿಸಿಬಿಡ್ತಾರೆ.

ಏನಿದು? ನಿಮ್ಮ ಮನೆಯ ಕಾಫಿ ಫಿಲ್ಟರ್ ನೋಡಿ. ಮೇಲಿನ ಡಬ್ಬಿಯ ತಳದಲ್ಲಿ ಸಣ್ಣ ಸಣ್ಣ ತೂತು. ಡಿಕಾಕ್ಷನ್ ಇಳಿಯಬೇಕು, ಪುಡಿ ಮೇಲೇ ಉಳಿಯಬೇಕು. ನಮ್ಮ ಒಂದೊಂದು ಕಿಡ್ನಿಯಲ್ಲೂ ಇಂಥ ಸೂಕ್ಷ್ಮ ಫಿಲ್ಟರುಗಳು ಸುಮಾರು 10 ಲಕ್ಷ ಇರುತ್ತವೆ. ರಕ್ತದ ಕಸ ಮೂತ್ರಕ್ಕೆ ಇಳಿಯಬೇಕು, ರಕ್ತಕ್ಕೆ ಬೇಕಾದ ಪ್ರೋಟೀನ್ ಮೇಲೇ ಉಳಿಯಬೇಕು. ಈ ಕಾಯಿಲೆಯಲ್ಲಿ ಮೊದಲು ಕೆಲವು ಫಿಲ್ಟರುಗಳಲ್ಲಿ, ಅದರಲ್ಲೂ ಒಂದೊಂದು ಭಾಗದಲ್ಲಿ, ಗಾಯ ಮಾಗಿದ ಮೇಲೆ ಉಳಿಯುತ್ತಲ್ಲ, ಆ ಥರದ ಗಡಸು ಕಲೆ ಕಟ್ಟುತ್ತೆ. ಪ್ರೋಟೀನ್ ಸೋರಿ ಮೂತ್ರಕ್ಕೆ ಹೋಗುತ್ತೆ. ಮೂತ್ರದಲ್ಲಿ ನೊರೆ ಬರುತ್ತೆ. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದಾಗ ನೀರು ಮೈಯಲ್ಲಿ ನಿಲ್ಲುತ್ತೆ. ಪಾದ ಊದುತ್ತೆ, ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊದಿರುತ್ತೆ. ನೋವು? ಸಾಮಾನ್ಯವಾಗಿ ಇರಲ್ಲ. ಇದೇ ಮೋಸ. ಹಲ್ಲು ನೋವಾದರೆ ಅರ್ಧರಾತ್ರಿಯಲ್ಲಿ ಡಾಕ್ಟರ್ ಹುಡುಕ್ತೀವಿ. ಕಿಡ್ನಿ ಸದ್ದಿಲ್ಲದೆ ಹೋಗ್ತಾ ಇರುತ್ತೆ, ನಾವು ಸದ್ದಿಲ್ಲದೆ ಕೂತಿರ್ತೀವಿ.

ಮೌರ್ನಿಂಗ್‌ಗಿಂತ ಮುಂಚೆ ಇದೇ ಕಾಯಿಲೆಯ ಇನ್ನೊಬ್ಬ ಆಟಗಾರ ಇದ್ದ. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಶಾನ್ ಎಲಿಯಟ್. 1993ರಲ್ಲೇ ಅವನಿಗೆ ಕಾಯಿಲೆ ಗೊತ್ತಾಗಿತ್ತು. ಹೊರಗೆ ಯಾರಿಗೂ ಹೇಳದೆ ವರ್ಷಗಟ್ಟಲೆ ಆಡಿದ. 1999ರ ಮೇ 31ರಂದು ಪೋರ್ಟ್‌ಲ್ಯಾಂಡ್ ವಿರುದ್ಧ, ಗೆರೆ ದಾಟಬಾರದು ಅಂತ ಹಿಮ್ಮಡಿ ಎತ್ತಿ ಬೆರಳ ತುದಿಯಲ್ಲಿ ನಿಂತು ಎಸೆದ ಮೂರು ಅಂಕದ ಹೊಡೆತ ಅವನದ್ದು. ಪಂದ್ಯವನ್ನೇ ತಿರುಗಿಸಿತು. ಅಂಥ ಹೊಡೆತ ಹೊಡೆದವನ ಎರಡು ಕಿಡ್ನಿಯೂ ಕೈಕೊಡುವ ಸ್ಥಿತಿಯಲ್ಲಿದ್ದವು ಅಂತ ಸ್ಟೇಡಿಯಂನಲ್ಲಿ ಕೂಗ್ತಾ ಇದ್ದವರಿಗೆ ಗೊತ್ತೇ ಇರಲಿಲ್ಲ. ಆ ವರ್ಷ ಸ್ಪರ್ಸ್ ಚಾಂಪಿಯನ್ ಆಯಿತು. ಆಗಸ್ಟ್‌ನಲ್ಲಿ ಎಲಿಯಟ್‌ಗೆ ಅಣ್ಣನ ಕಿಡ್ನಿ ಕಸಿ ಮಾಡಿದರು. 2000ದ ಮಾರ್ಚ್ 14ರಂದು ಮತ್ತೆ ಅಂಕಣಕ್ಕೆ ಇಳಿದ. ಕಿಡ್ನಿ ಕಸಿ ಆದ ಮೇಲೆ ಎನ್‌ಬಿಎಯಲ್ಲಿ ಆಡಿದ ಮೊದಲ ಮನುಷ್ಯ ಅವನೇ. ದೊಡ್ಡ ಬಾಗಿಲು ತೆರೆದವನು ಎಲಿಯಟ್, ಜನ ಮರೆತಿದ್ದಾರೆ. ಆದರೆ ಒಂದು ವ್ಯತ್ಯಾಸ ಇದೆ. ಎಲಿಯಟ್ ಆಡುತ್ತಿದ್ದದ್ದು ಹೆಚ್ಚಾಗಿ ಬುಟ್ಟಿಯಿಂದ ದೂರ. ಮೌರ್ನಿಂಗ್ ಜಾಗ ಬುಟ್ಟಿಯ ಬುಡ. ನೆನಪಿದೆಯಲ್ಲ, ಮೊಣಕೈ ತಿವಿತದ ಜಾಗ?

ಕಾಯಿಲೆ ಗೊತ್ತಾದ ಮೇಲೆ ಮೌರ್ನಿಂಗ್ ಏನು ಮಾಡಿದ? ಮಾತ್ರೆ ನುಂಗಿದ, ಆಡಿದ. 2001ರ ಮಾರ್ಚ್‌ನಲ್ಲಿ ವಾಪಸ್ ಬಂದು 13 ಪಂದ್ಯ. ಮುಂದಿನ ಸೀಸನ್‌ನಲ್ಲಿ 75 ಪಂದ್ಯ! ಆಲ್‌ಸ್ಟಾರ್ ತಂಡಕ್ಕೂ ಆಯ್ಕೆ. ಜನ ಅಂದುಕೊಂಡರು, ಗೆದ್ದುಬಿಟ್ಟ ಅಂತ. ಕಾಯಿಲೆ ಹಾಗೆ ಅಂದುಕೊಂಡಿರಲಿಲ್ಲ. 2002-03ರಲ್ಲಿ ಒಂದೂ ಪಂದ್ಯ ಆಡಲಿಲ್ಲ. ಮಯಾಮಿ ಕರಾರು ಮುಗಿಯಿತು. ನ್ಯೂಜೆರ್ಸಿ ನೆಟ್ಸ್ ತಂಡ ನಾಲ್ಕು ವರ್ಷಕ್ಕೆ ಕರೆಯಿತು. ಹೋದ. 12 ಪಂದ್ಯ ಆಡುವಷ್ಟರಲ್ಲಿ ರಕ್ತ ಪರೀಕ್ಷೆಯ ಅಂಕಿಗಳು ಡಾಕ್ಟರನ್ನೇ ಹೆದರಿಸಿದವು. 2003ರ ನವೆಂಬರ್ 24ರಂದು ನಿವೃತ್ತಿ.

ಆ ದಿನಗಳ ಒಂದು ಘಟನೆ ಹೇಳಲೇಬೇಕು. ನಿವೃತ್ತಿಗೆ ಕೆಲವೇ ದಿನ ಮೊದಲು, ಅಭ್ಯಾಸದ ಹೊತ್ತಲ್ಲಿ ತಂಡದ ಸಹ ಆಟಗಾರನೊಬ್ಬ ಇವನ ಕಿಡ್ನಿ ವಿಷಯ ಎತ್ತಿ ಅಣಕಿಸಿದ. ಇಬ್ಬರೂ ಹೊಡೆದಾಟಕ್ಕೇ ನಿಂತರು, ಉಳಿದವರು ಹಿಡಿದು ಬಿಡಿಸಬೇಕಾಯಿತು. ಆಡಿದವನು ಆಮೇಲೆ ಕ್ಷಮೆ ಕೇಳಿದ, ಅದು ಬೇರೆ ಮಾತು. ಆದರೆ ಗಮನಿಸಿ, ಕಾಯಿಲೆ ಕಣ್ಣಿಗೆ ಕಾಣದಿದ್ದರೆ ಜನ ಅದನ್ನು ನೆಪ ಅಂದುಕೊಳ್ತಾರೆ. ಕೈ ಮುರಿದು ಪ್ಲಾಸ್ಟರ್ ಹಾಕಿಕೊಂಡವನಿಗೆ ಬಸ್ಸಲ್ಲಿ ಸೀಟು ಬಿಟ್ಟುಕೊಡ್ತಾರೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಂಡು ಬಂದವನಿಗೆ ‘ನೋಡೋಕೆ ಚೆನ್ನಾಗೇ ಇದೀಯಲ್ಲಪ್ಪ’ ಅಂತಾರೆ. ನಮ್ಮಲ್ಲಿ ಎಷ್ಟು ಆಫೀಸುಗಳಲ್ಲಿ ದಿನಾ ಇದೇ ನಡೆಯಲ್ಲ ಹೇಳಿ?

ಸರಿ, ಕಿಡ್ನಿ ಬೇಕು. ಯಾರು ಕೊಡ್ತಾರೆ?

ಜಾರ್ಜ್‌ಟೌನ್‌ನ ಹಿರಿಯ ಪ್ಯಾಟ್ರಿಕ್ ಯೂಯಿಂಗ್ ‘ನನ್ನದು ತಗೋ’ ಅಂದ. ಮಾತಿಗೆ ಹೇಳಿದ್ದಲ್ಲ, ಪರೀಕ್ಷೆ ಮಾಡಿಸಿಕೊಂಡು ಬಂದು ಹೇಳಿದ್ದು. ಈ ಯೂಯಿಂಗ್ ಯಾರು ಗೊತ್ತಾ? ಮಯಾಮಿಯ ಕಡುವೈರಿ ನಿಕ್ಸ್ ತಂಡದ ದೊಡ್ಡ ತಲೆ. ವರ್ಷಗಟ್ಟಲೆ ಬುಟ್ಟಿಯ ಕೆಳಗೆ ಇಬ್ಬರೂ ಒಬ್ಬರನ್ನೊಬ್ಬರು ತಳ್ಳಾಡಿದ್ದರು. ಮುಖ ಮೂತಿ ಗೊತ್ತಿಲ್ಲದ ಅಭಿಮಾನಿಗಳೂ ಮುಂದೆ ಬಂದರು. ಕೊನೆಗೆ ಹೊಂದಿಕೆಯಾದದ್ದು ಒಬ್ಬ ಸೋದರ ಸಂಬಂಧಿಯದ್ದು. ಅಮೆರಿಕದ ಮೆರೀನ್ ಪಡೆಯಲ್ಲಿ ಕೆಲಸ ಮಾಡಿ ಬಂದವನು. ಇವರಿಬ್ಬರೂ ಮುಖಾಮುಖಿಯಾಗಿ ಎಷ್ಟೋ ವರ್ಷಗಳೇ ಆಗಿದ್ದವು. ಅಜ್ಜಿ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿದ್ದರು, ನೋಡಿಕೊಂಡು ಹೋಗೋಣ ಅಂತ ಬಂದಿದ್ದ. ಅಲ್ಲಿ ಮೌರ್ನಿಂಗ್‌ನ ತಂದೆ ಸಿಕ್ಕರು. ಮಾತಿಗೆ ಮಾತು ಬಂತು, ಮಗನ ವಿಷಯ ಬಂತು. ಹೋಗಿ ಪರೀಕ್ಷೆ ಮಾಡಿಸಿಕೊಂಡ. ಹೊಂದಿತು. ನಮ್ಮ ಮನೆಗಳಲ್ಲೂ ಹಾಗೇ ಅಲ್ಲವಾ? ವರ್ಷಗಟ್ಟಲೆ ಫೋನು ಕೂಡ ಇರಲ್ಲ. ಅಜ್ಜಿ ಹಾಸಿಗೆ ಹಿಡಿದರು ಅಂದ ದಿನ ಎಲ್ಲರೂ ಒಂದೇ ವರಾಂಡದಲ್ಲಿ ನಿಂತಿರ್ತೀವಿ.

2003ರ ಡಿಸೆಂಬರ್ 19. ನ್ಯೂಯಾರ್ಕಿನಲ್ಲಿ ಆಪರೇಷನ್.

ಕಿಡ್ನಿ ಕಸಿ ಅಂದರೆ ಹಳೇ ಕಿಡ್ನಿ ತೆಗೆದು ಅಲ್ಲೇ ಹೊಸದು ಕೂರಿಸ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಳೆಯವನ್ನು ಸಾಮಾನ್ಯವಾಗಿ ಹಾಗೇ ಬಿಡ್ತಾರೆ. ಹೊಸದನ್ನು ಮುಂದೆ, ಕೆಳಹೊಟ್ಟೆಯ ಒಂದು ಬದಿಯಲ್ಲಿ ಇಡ್ತಾರೆ. ಹುಟ್ಟಿನಿಂದ ಇದ್ದ ಕಿಡ್ನಿಗೆ ಬೆನ್ನ ಸ್ನಾಯು, ಪಕ್ಕೆಲುಬಿನ ರಕ್ಷಣೆ ಇದೆ. ಕಸಿ ಮಾಡಿದ್ದಕ್ಕೆ ಆ ಭಾಗ್ಯ ಇಲ್ಲ, ಹೊಟ್ಟೆಯ ಚರ್ಮದ ಹಿಂದೆಯೇ ಇರುತ್ತೆ. ಒಂದು ಬಲವಾದ ಗುದ್ದು ಸಾಕು. ಅದರ ಮೇಲೆ, ಬೇರೆಯವರ ಅಂಗವನ್ನು ನಮ್ಮ ದೇಹ ಒಪ್ಪದೆ ಹೊರಗೆ ಹಾಕೋಕೆ ನೋಡುತ್ತೆ. ಹಾಗಾಗದಿರಲಿ ಅಂತ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವ ಮಾತ್ರೆ ಜೀವಮಾನಪೂರ್ತಿ ನುಂಗಬೇಕು. ನಮಗೆ ಬಂದು ಹೋಗುವ ನೆಗಡಿ ಕೆಮ್ಮು ಅವರಿಗೆ ಆಸ್ಪತ್ರೆ ವಾಸ ಆಗಬಹುದು.

ಇಂಥ ದೇಹ ಇಟ್ಟುಕೊಂಡು ಈ ಪುಣ್ಯಾತ್ಮ 2004ರಲ್ಲಿ ಮತ್ತೆ ಆಡೋದಕ್ಕೆ ಬಂದ! ಕಸಿಯಾಗಿ ಒಂದು ವರ್ಷ ಕೂಡ ಆಗಿರಲಿಲ್ಲ. ಹೊಟ್ಟೆಗೆ ರಕ್ಷಣೆಯ ಪಟ್ಟಿ ಕಟ್ಟಿಕೊಂಡು ಬುಟ್ಟಿಯ ಬುಡಕ್ಕೇ ಬಂದು ನಿಂತ.

ಇದು ಸರಿಯೋ ತಪ್ಪೋ? ನಾನು ಬಹಳ ಯೋಚನೆ ಮಾಡಿದ್ದೀನಿ. ಒಬ್ಬ ಮನುಷ್ಯ ತನ್ನ ಹೊಟ್ಟೆ ಕೊಯ್ಯಿಸಿಕೊಂಡು ಕಿಡ್ನಿ ಕೊಟ್ಟಿದ್ದಾನೆ. ಅದನ್ನು ತಗೊಂಡವನು ಮೊಣಕೈಗಳ ಮಧ್ಯೆ ಹೋಗಿ ನಿಲ್ಲೋದು ಕೊಟ್ಟವನಿಗೆ ಮಾಡುವ ಅವಮಾನ ಅಲ್ಲವಾ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಣದ ಕಾರಣ ಹೇಳೋಣ ಅಂದರೆ, ಅದಾಗಲೇ ಮೊಮ್ಮಕ್ಕಳು ಕೂತು ತಿನ್ನುವಷ್ಟು ಸಂಪಾದಿಸಿದ್ದ. ಆದರೂ ನನಗೆ ಅನ್ನಿಸೋದು ಇದು: ಅಂಗ ಕೊಡುವವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಿ ಅಂತ ಕೊಡಲ್ಲ. ನೀನು ನಿನ್ನ ಹಾಗೇ ಬದುಕಪ್ಪ ಅಂತ ಕೊಡ್ತಾರೆ. ರೈತನಿಗೆ ಕಿಡ್ನಿ ಸಿಕ್ಕರೆ ಅವನು ಹೊಲಕ್ಕೆ ಹೋಗಬೇಕು, ಡ್ರೈವರಿಗೆ ಸಿಕ್ಕರೆ ಸ್ಟೇರಿಂಗ್ ಹಿಡಿಯಬೇಕು. ಇವನಿಗೆ ಗೊತ್ತಿದ್ದದ್ದು ಬುಟ್ಟಿ ಕಾಯೋದು. ಡಾಕ್ಟರುಗಳ ಕಣ್ಗಾವಲಲ್ಲಿ, ಲೆಕ್ಕ ಹಾಕಿ, ಪಟ್ಟಿ ಕಟ್ಟಿ ಹೋದ. ಅದನ್ನು ಹುಂಬತನ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಹಾಗಂತ ಇವನನ್ನು ದೇವರ ಕೋಣೆಯಲ್ಲಿ ಕೂರಿಸಬೇಕಾಗಿಲ್ಲ. ವಾಪಸ್ ಬಂದ ವರ್ಷವೇ ನೆಟ್ಸ್ ತಂಡ ಒಳ್ಳೆ ಆಟಗಾರರನ್ನು ಬಿಟ್ಟುಕೊಟ್ಟಿತು ಅಂತ ಬಹಿರಂಗವಾಗಿ ರೇಗಾಡಿದ. ಕಾಯಿಲೆ ಇದ್ದಾಗ ಕರೆದು ಕರಾರು ಕೊಟ್ಟ ತಂಡ ಅದು. 2004ರ ಡಿಸೆಂಬರ್‌ನಲ್ಲಿ ವಿನ್ಸ್ ಕಾರ್ಟರ್ ಅದಲುಬದಲಿನಲ್ಲಿ ಇವನನ್ನು ಟೊರಾಂಟೊ ರಾಪ್ಟರ್ಸ್‌ಗೆ ಕಳಿಸಿದರು. ಹೋಗಲೇ ಇಲ್ಲ! ಒಂದು ದಿನವೂ ಆ ಊರಿನ ಜೆರ್ಸಿ ತೊಡಲಿಲ್ಲ. ಕೊನೆಗೆ ಅವರೇ ದುಡ್ಡು ಕೊಟ್ಟು ಕರಾರು ಮುಗಿಸಿಕೊಂಡರು. ಟೊರಾಂಟೊ ಜನ ವರ್ಷಗಟ್ಟಲೆ ಇವನಿಗೆ ಬೈದರು. ಬೈದದ್ದು ತಪ್ಪು ಅಂತ ನಾನು ಹೇಳಲ್ಲ. ಕಾಯಿಲೆ ಬಂದ ಮನುಷ್ಯನಿಗೂ ಹಟ ಇರುತ್ತೆ, ಸ್ವಾರ್ಥ ಇರುತ್ತೆ. ರೋಗಿ ಅಂದ ತಕ್ಷಣ ಸಂತ ಆಗಿಬಿಡಬೇಕು ಅಂತ ಬಯಸೋದೂ ಒಂಥರಾ ಕ್ರೌರ್ಯವೇ.

2005ರ ಮಾರ್ಚ್‌ನಲ್ಲಿ ಮಯಾಮಿಗೇ ವಾಪಸ್ ಬಂದ. ಈಗ ಅಲ್ಲಿ ಮುಖ್ಯ ಸೆಂಟರ್ ಯಾರು? ಶಕೀಲ್ ಓನೀಲ್! 1992ರಲ್ಲಿ ಇವನನ್ನು ಎರಡನೇ ಸ್ಥಾನಕ್ಕೆ ತಳ್ಳಿದ ಅದೇ ಓನೀಲ್. ಒಂದು ಕಾಲದ ರಾಜ ಈಗ ಬೆಂಚಿನ ಮೇಲೆ ಕೂತು, ಓನೀಲ್ ಸುಸ್ತಾದಾಗ ಎದ್ದು ಬರಬೇಕು. ಬಂದ. ಇಪ್ಪತ್ತು ನಿಮಿಷ ಸಿಕ್ಕರೆ ಇಪ್ಪತ್ತು ನಿಮಿಷ.

2006ರ ಫೈನಲ್, ಡಲ್ಲಾಸ್ ಮಾವೆರಿಕ್ಸ್ ವಿರುದ್ಧ. ಮೊದಲ ಎರಡು ಪಂದ್ಯ ಮಯಾಮಿ ಸೋತಿತು. ಕಥೆ ಮುಗಿಯಿತು ಅಂದರು ಎಲ್ಲ. ಆಮೇಲೆ ಸತತ ಮೂರು ಪಂದ್ಯ ಗೆದ್ದಿತು. ಜೂನ್ 20, ಆರನೇ ಪಂದ್ಯ, ಡಲ್ಲಾಸ್‌ನಲ್ಲೇ. ಸರಣಿಯ ಹೀರೋ ಡ್ವೇಯ್ನ್ ವೇಡ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ರಾತ್ರಿ ಬೆಂಚಿನಿಂದ ಎದ್ದು ಬಂದ 36 ವರ್ಷದ ಮನುಷ್ಯನ ಲೆಕ್ಕ ನೋಡಿ. 8 ಅಂಕ, 6 ರಿಬೌಂಡ್, 5 ಬ್ಲಾಕ್. ಐದು ಸಲ ಎದುರಾಳಿಯ ಚೆಂಡನ್ನು ಗಾಳಿಯಲ್ಲೇ ತಡೆದ. ಮಯಾಮಿ ಗೆದ್ದದ್ದು ಮೂರು ಅಂಕಗಳ ಅಂತರದಲ್ಲಿ, 95-92. ಐದು ಬ್ಲಾಕು, ಮೂರು ಅಂಕ. ಲೆಕ್ಕ ನೀವೇ ಹಾಕಿಕೊಳ್ಳಿ. ಹದಿಮೂರು ವರ್ಷ ಕಾದ ಉಂಗುರ ಕೈಗೆ ಬಂತು.

ಮುಂದಿನದನ್ನು ಬೇಗ ಹೇಳಿಬಿಡ್ತೀನಿ. 2007ರ ಡಿಸೆಂಬರ್ 19ರಂದು ಅಟ್ಲಾಂಟಾದಲ್ಲಿ ಮೊಣಕಾಲಿನ ಸ್ನಾಯುರಜ್ಜು ಹರಿಯಿತು. ತಾರೀಖು ಗಮನಿಸಿದಿರಾ? ಕಸಿಯಾಗಿ ಸರಿಯಾಗಿ ನಾಲ್ಕು ವರ್ಷ, ಅದೇ ದಿನ. ಎಲ್ಲರೂ ಹೆದರಿದ್ದು ಕಿಡ್ನಿಗೆ, ಕೈಕೊಟ್ಟದ್ದು ಮಂಡಿ! ಸ್ಟ್ರೆಚರ್ ತಂದರು. ಬೇಡ ಅಂದ. 2009ರ ಜನವರಿಯಲ್ಲಿ ನಿವೃತ್ತಿ, ಮಾರ್ಚ್‌ನಲ್ಲಿ ಅವನ 33ನೇ ನಂಬರಿನ ಜೆರ್ಸಿಯನ್ನು ಮಯಾಮಿ ಮೇಲಕ್ಕೆ ಕಟ್ಟಿತು. ಆ ತಂಡದ ಆಟಗಾರರಲ್ಲಿ ಈ ಗೌರವ ಮೊದಲು ಸಿಕ್ಕಿದ್ದು ಇವನಿಗೆ. ಒಟ್ಟು 838 ಪಂದ್ಯ. 2014ರಲ್ಲಿ ಹಾಲ್ ಆಫ್ ಫೇಮ್. ಮಯಾಮಿಯ ಓವರ್‌ಟೌನ್ ಅನ್ನೋ ಬಡವರ ಬಡಾವಣೆಯಲ್ಲಿ ಮಕ್ಕಳಿಗಾಗಿ ಕಟ್ಟಿದ ಕೇಂದ್ರ ಇವತ್ತಿಗೂ ನಡೀತಾ ಇದೆ. ಬೇರೆಯವರ ಮನೆಯಲ್ಲಿ ಬೆಳೆದ ಹುಡುಗನಲ್ಲವಾ?

ಈಗ ನಮ್ಮ ಕಡೆ ಬರೋಣ. ಇಷ್ಟು ಹೊತ್ತು ಈ ಕಥೆ ಹೇಳಿದ್ದು ಇದಕ್ಕೇ.

ಮೌರ್ನಿಂಗ್‌ಗೆ ಕಿಡ್ನಿ ಕೊಟ್ಟವನು ಸೋದರ ಸಂಬಂಧಿ ಅಂದೆನಲ್ಲ, ಇದೇ ಕಥೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನಡೆದಿದ್ದರೆ? 1994ರ ಅಂಗಾಂಗ ಕಸಿ ಕಾಯಿದೆ ಪ್ರಕಾರ ‘ಹತ್ತಿರದ ಸಂಬಂಧಿ’ ಅಂದರೆ ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿದರು. ಚಿಕ್ಕಪ್ಪನ ಮಗ, ಅತ್ತೆ ಮಗ, ದೊಡ್ಡಮ್ಮನ ಮಗ ಈ ಪಟ್ಟಿಯಲ್ಲಿ ಇಲ್ಲ. ಅವರು ಕೊಡಬೇಕಾದರೆ ಅಧಿಕಾರ ಸಮಿತಿಯ ಮುಂದೆ ಹೋಗಿ, ದುಡ್ಡಿಗಾಗಿ ಕೊಡ್ತಾ ಇಲ್ಲ, ಪ್ರೀತಿಯಿಂದ ಕೊಡ್ತಾ ಇದ್ದೀನಿ ಅಂತ ಮನವರಿಕೆ ಮಾಡಬೇಕು. ದಾಖಲೆ, ಸಂದರ್ಶನ, ಓಡಾಟ. ಬೈಕೋಬೇಡಿ, ಈ ಕಾನೂನು ಸುಮ್ಮನೆ ಬಂದದ್ದಲ್ಲ. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ, ನಮ್ಮ ರಾಜ್ಯದಲ್ಲೂ, ಬಡವರ ಕಿಡ್ನಿ ತರಕಾರಿ ಥರ ಮಾರಾಟ ಆಗಿದೆ. ಬಾಗಿಲಿಗೆ ಚಿಲಕ ಬೇಕು. ಆದರೆ ಚಿಲಕ ತೆಗೆಯೋಕೆ ತಿಂಗಳುಗಟ್ಟಲೆ ಆದರೆ ಒಳಗಿರುವ ರೋಗಿಯ ಗತಿ ಏನು? ಅಧಿಕಾರದಲ್ಲಿ ಇರುವವರು ಉತ್ತರ ಹೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ಮಾತು. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ. ನಮ್ಮ ದೇಶದಲ್ಲಿ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಅಮ್ಮ, ಹೆಂಡತಿ, ಅಕ್ಕ. ಕಸಿ ಮಾಡಿಸಿಕೊಳ್ಳುವವರಲ್ಲಿ? ಐದರಲ್ಲಿ ಸುಮಾರು ನಾಲ್ಕು ಜನ ಗಂಡಸರು. ಕಿಡ್ನಿ ಕಾಯಿಲೆ ಗಂಡು ಹೆಣ್ಣು ಅಂತ ನೋಡಿ ಬರುತ್ತಾ? ಇಲ್ಲ. ಮನೆಯ ಯಜಮಾನ ದುಡಿಯಬೇಕು, ಅವನನ್ನು ಉಳಿಸಿಕೊಳ್ಳಬೇಕು ಅನ್ನೋದು ಸರಿ. ಯಜಮಾನತಿ ಕ್ರಿಯಾಟಿನಿನ್ ಏರಿ ಮಲಗಿದಾಗ ಎಷ್ಟು ಜನ ಗಂಡಂದಿರು ‘ನನ್ನದು ತೆಗೀರಿ ಡಾಕ್ಟ್ರೇ’ ಅಂತ ಮುಂದೆ ಬಂದಿದ್ದಾರೆ? ಬಂದವರಿದ್ದಾರೆ, ಅವರಿಗೆ ಕೈ ಮುಗೀತೀನಿ. ಲೆಕ್ಕ ಮಾತ್ರ ಬೇರೆಯದನ್ನೇ ಹೇಳುತ್ತೆ.

ಸತ್ತ ಮೇಲೆ ಕೊಡೋದಕ್ಕೆ ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಅನ್ನೋ ವ್ಯವಸ್ಥೆ ಇದೆ. ಮಿದುಳು ನಿಷ್ಕ್ರಿಯವಾದವರ ಅಂಗಾಂಗ ದಾನದಲ್ಲಿ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದು. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಹೋದಾಗ ಅವರ ಮನೆಯವರು ಆ ದುಃಖದ ನಡುವೆಯೇ ಅಂಗಾಂಗ ದಾನ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟು ಹೋದರು, ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸೋದಕ್ಕೆ ಹಳ್ಳಿ ಹಳ್ಳಿಗಳಲ್ಲಿ ಜನ ಸಾಲು ನಿಂತರು. ಕಣ್ಣಿಗೆ ನಿಂತ ಸಾಲು ಕಿಡ್ನಿಗೂ ನಿಲ್ಲಬೇಕು. ಹೆಸರು ನೋಂದಾಯಿಸಿದರಷ್ಟೇ ಸಾಲದು, ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಮಾತು ಹೇಳಿಡಿ. ಆ ಹೊತ್ತಲ್ಲಿ ಒಪ್ಪಿಗೆ ಕೊಡಬೇಕಾದವರು ಅವರೇ.

ಇನ್ನು ಮಾತ್ರೆ ವಿಷಯ. ಮಂಡಿ ನೋವು, ಸೊಂಟ ನೋವು ಅಂತ ಮೆಡಿಕಲ್ ಶಾಪಿಗೆ ಹೋಗಿ ‘ಹೋದ ಸಲ ಕೊಟ್ಟಿದ್ದೇ ಕೊಡಪ್ಪ’ ಅನ್ನೋರು ಮನೆಗೊಬ್ಬರಿದ್ದಾರೆ. ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು. ಶುಗರ್, ಬಿಪಿ ಇದ್ದವರಿಗೆ ಇನ್ನೂ ಜಾಸ್ತಿ. ಮೂತ್ರದಲ್ಲಿ ಪ್ರೋಟೀನ್ ಇದೆಯಾ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ, ಎರಡೇ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲೂ ಮಾಡ್ತಾರೆ. ಹೊರಗೆ ಮಾಡಿಸಿದರೂ ಮನೆಮಂದಿಯೆಲ್ಲ ಒಂದು ಸಲ ಹೋಟೆಲಿಗೆ ಹೋಗಿ ಬಂದ ಬಿಲ್ಲಿನಷ್ಟು ಆಗಲ್ಲ.

ಮೌರ್ನಿಂಗ್ ಕಥೆಯಲ್ಲಿ ಒಂದು ತುಣುಕು ಉಳಿದಿದೆ. 2024ರ ಮಾರ್ಚ್‌ನಲ್ಲಿ ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಯಿತು. ಮೂರನೇ ಹಂತಕ್ಕೆ ಬಂದಿತ್ತು. ಲಕ್ಷಣ? ಒಂದೂ ಇರಲಿಲ್ಲ. ವ್ಯಾಯಾಮ ಮಾಡಿಕೊಂಡು ಚೆನ್ನಾಗಿಯೇ ಇದ್ದ. ಸಿಕ್ಕಿಬಿದ್ದದ್ದು ತಪಾಸಣೆಯಲ್ಲಿ. 2000ದಲ್ಲೂ ತಪಾಸಣೆ, 2024ರಲ್ಲೂ ತಪಾಸಣೆ. ಜೂನ್‌ನಲ್ಲಿ ಅದನ್ನು ತಾನೇ ಬಹಿರಂಗ ಮಾಡಿ, ಗಂಡಸರೇ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ ಅಂದ. ಆರಡಿ ಹತ್ತಿಂಚಿನ ಆ ದೇಹಕ್ಕೇ ಒಳಗೆ ಏನು ನಡೀತಾ ಇದೆ ಅಂತ ಎರಡೂ ಸಲ ಪೂರ್ತಿ ಗೊತ್ತಾಗಲಿಲ್ಲ. ನಮ್ಮ ನಿಮ್ಮ ಐದೂವರೆ ಅಡಿಗೆ ಎಲ್ಲಿಂದ ಗೊತ್ತಾಗಬೇಕು?

ಸ್ಟುಡಿಯೋಗೆ ಮೂತ್ರಪಿಂಡ ತಜ್ಞರು ಬಂದಿದ್ದಾರೆ. ಬ್ರೇಕ್ ಆದ ಮೇಲೆ ಅರ್ಧ ಗಂಟೆ ನಿಮ್ಮ ಫೋನ್ ಕರೆಗಳಿಗೆ ಅವರು ಉತ್ತರ ಕೊಡ್ತಾರೆ. ಹೆಸರು ಹೇಳೋಕೆ ಸಂಕೋಚ ಆದರೆ ಬೇಡ, ಊರಿನ ಹೆಸರು ಹೇಳಿ ಸಾಕು. ಹಳೇ ರಿಪೋರ್ಟ್ ಇದ್ದರೆ ಎದುರಿಗೆ ಇಟ್ಟುಕೊಂಡು ಫೋನ್ ಮಾಡಿ.